ಎತ್ತಿಡಲು ಬಾರದ ಭರಣಿ

ಸವಣೂರಿನ ಆ ಮನೆಯಲ್ಲಿ ಗಾಜಿನ ಸಾಮಾನು ಒಂದೂ ಇರಲಿಲ್ಲ. ಮನೆಯವರು ಚಹಾ ಕುಡಿಯುವುದು ಸ್ಟೀಲ್ ಲೋಟದಲ್ಲಿ, ಬಂದವರಿಗೆ ಕೊಡುವುದೂ ಸ್ಟೀಲ್ ಲೋಟದಲ್ಲೇ. ದೇವರ ಫೋಟೋಗಳಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ತಿಜೋರಿಯ ಬಾಗಿಲಿಗೆ ಮೊದಲು ಆಳುದ್ದದ ಕನ್ನಡಿ ಇತ್ತು. ಈಗ ಅಲ್ಲಿ ತಗಡು ಕೂತಿತ್ತು, ನಾಲ್ಕೂ ಮೂಲೆಗೆ ಒಂದೇ ಅಳತೆಯ ಸ್ಕ್ರೂ. ಕನ್ನಡಿ ಒಡೆದವನೂ ತಗಡು ಕೂಡಿಸಿದವನೂ ಒಬ್ಬನೇ, ಮನೆಯ ಯಜಮಾನ ಶಂಭುಲಿಂಗ.

ಅವನ ಹೆಂಡತಿ ರಂಜನಾ ಹಾನಗಲ್ ತಾಲೂಕಿನ ಆಡೂರಿನವಳು. ಪಿಯುಸಿ ಸೈನ್ಸ್ ಓದಿದ್ದಳು. ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಅವಳು ಬರೆದ ಬೇರಿನ ಚಿತ್ರಗಳನ್ನು ಮಾಸ್ತರರು ಬೇರೆ ಹುಡುಗಿಯರಿಗೆ ತೋರಿಸುತ್ತಿದ್ದರಂತೆ. ಪರೀಕ್ಷೆ ಮುಗಿದ ಎರಡು ವರ್ಷಕ್ಕೆ ಮದುವೆ. ಬರುವಾಗ ತವರಿನಿಂದ ಡಜನ್ ಕಪ್ಪು ಬಸಿ, ಆರು ಶರಬತ್ತಿನ ಗ್ಲಾಸು, ಅವ್ವ ಹಾಕಿದ ಮಾವಿನಕಾಯಿ ಉಪ್ಪಿನಕಾಯಿ ತುಂಬಿದ ಹತ್ತು ಲೀಟರಿನ ದೊಡ್ಡ ಗಾಜಿನ ಭರಣಿ ತಂದಿದ್ದಳು. ಕಪ್ಪು ಬಸಿ ಮೊದಲ ವರ್ಷದಲ್ಲೇ ಮುಗಿದವು. ಗ್ಲಾಸುಗಳಲ್ಲಿ ಕೊನೆಯದು ಅವಳ ಹುಬ್ಬಿನ ಮೇಲೆ ಒಡೆಯಿತು, ರೊಟ್ಟಿ ಆರಿತ್ತೆಂಬ ಕಾರಣಕ್ಕೆ. ಮೂರು ಹೊಲಿಗೆ. ದವಾಖಾನೆಯಿಂದ ಬಂದವಳೇ ಅವಳು ಭರಣಿಯನ್ನು ಸೀರೆಯಲ್ಲಿ ಸುತ್ತಿ, ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ಕುಲಸುಮಬಿಯ ಕೈಗೆ ದಾಟಿಸಿದಳು.

"ಇದು ನಿಮ್ಮ ಮನ್ಯಾಗ ಇರ್ಲಿ ಆಪಾ."

"ಉಪ್ಪಿನಕಾಯಿ?"

"ತಿನ್ರಿ. ಭರಣಿ ಅಷ್ಟ ಉಳಸ್ರಿ."

ಹನ್ನೆರಡು ವರ್ಷ ಆ ಭರಣಿ ಕುಲಸುಮಬಿಯ ಅಡುಗೆಮನೆಯ ಮಾಡದಲ್ಲಿ ಕೂತಿತ್ತು.

ಶಂಭುಲಿಂಗ ಕುಡಿಯುವವನಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಹತ್ತಿಮತ್ತೂರಿನಿಂದ, ಹಿರೇಬೆಂಡಿಗೇರಿಯಿಂದ ರೈತರು ಸುಟ್ಟ ಬೋರ್‌ವೆಲ್ ಮೋಟರುಗಳನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಅವನ ಹತ್ತಿರವೇ ಬರುತ್ತಿದ್ದರು. ತಾಮ್ರದ ತಂತಿಗೆ ಒಂದು ಗೀರು ಬೀಳದ ಹಾಗೆ ಸುತ್ತುತ್ತಾನೆ, ಬಾಯಿ ಮಾಡುವವನಲ್ಲ, ಬಹಳ ಸಮಾಧಾನದ ಮನುಷ್ಯ ಎಂದು ಅವರೆಲ್ಲ ಹೇಳುತ್ತಿದ್ದರು.

ಮನೆಯಲ್ಲಿ ಅವನು ಹೊಡೆಯುತ್ತಿದ್ದ. ಹೊಡೆಯುವುದು ನಾಲ್ಕೈದು ನಿಮಿಷದ ಕೆಲಸ. ಅದರ ಹಿಂದುಮುಂದಿನದೆಲ್ಲ ರಂಜನಾಳ ಕೆಲಸ, ಮತ್ತು ಅದಕ್ಕೆ ದಿನಕ್ಕೆ ಎರಡು ತಾಸಾದರೂ ಬೇಕಾಗುತ್ತಿತ್ತು. ಸಂಜೆ ಅವನ ಬೈಕು ಮೂಲೆ ತಿರುಗುವ ಸದ್ದು ಕೇಳುತ್ತಲೇ ಲಟ್ಟಣಿಗೆಯನ್ನು ಹಿಟ್ಟಿನ ಡಬ್ಬಿಯೊಳಗೆ ಸೇರಿಸಬೇಕು, ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಹಿಂದಕ್ಕೆ ಸರಿಸಬೇಕು, ಓಣಿ ಕಡೆಯ ಕಿಟಕಿ ಮುಚ್ಚಬೇಕು. ಆಮೇಲೆ ಗೋಡೆಗೆ ಹತ್ತಿದ ಬೇಳೆಯನ್ನು ಒಣಗುವ ಮೊದಲೇ ಒರೆಸಬೇಕು, ಯಾಕೆಂದರೆ ಅರಿಶಿಣದ ಕಲೆ ಆಮೇಲೆ ಸುಣ್ಣಕ್ಕೂ ಜಗ್ಗುವುದಿಲ್ಲ. ಚಪ್ಪಟೆಯಾದ ಚೊಂಬನ್ನು ಬೀಸುಕಲ್ಲಿನ ಗೂಟಕ್ಕೆ ಸಿಗಿಸಿ ಒಳಗಿನಿಂದ ಬಡಿದು ನೆಟ್ಟಗೆ ಮಾಡಬೇಕು. ಹರಿದ ಕುಪ್ಪಸ ಹೊಲಿಯಬೇಕು. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ಅವನ ಡಬ್ಬಿ ಕಟ್ಟಬೇಕು.

ಅತ್ತೆ ವೀರವ್ವ ಇದನ್ನೆಲ್ಲ ನೋಡುತ್ತ ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ಮಗ ಕೈ ಇಳಿಸಿದ ಮೇಲೆ ಮೊದಲು ಏಳುವವಳು ಅವಳೇ. ಎದ್ದು ಕಸಬರಿಗೆ ತಂದು ಸೊಸೆಯ ಕೈಗೆ ಕೊಡುತ್ತಿದ್ದಳು. ಅವಳ ಬಲಗೈಯ ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. ತೀರಿಹೋದ ಗಂಡ ಉಳವಪ್ಪನವರು ಬಾಗಿಲ ಸಂದಿಯಲ್ಲಿಟ್ಟು ಒತ್ತಿದ್ದು ಎಂದು ಹೇಳುವಾಗ ಅವಳ ದನಿಯಲ್ಲಿ ಹಳೆಯ ಮಳೆಯೊಂದರ ಮಾತು ಹೇಳುವಷ್ಟೇ ಏರಿಳಿತ ಇರುತ್ತಿತ್ತು.

"ಸಿಟ್ಟಿನ ಮಂದಿ ಇವ್ರು. ಸಿಟ್ಟು ಬಂದಾಗ ಕಣ್ಣು ಕಾಣೂದಿಲ್ಲ ಅವ್ರಿಗೆ," ಎನ್ನುತ್ತಿದ್ದಳು.

ರಂಜನಾಳೂ ಹಾಗೆಯೇ ನಂಬಿದ್ದಳು. ಒಂದು ಸಂಗತಿ ಮಾತ್ರ ಅವಳ ಕಣ್ಣಿಗೆ ಬಿದ್ದಿತ್ತು. ಹದಿನಾಲ್ಕು ವರ್ಷದಲ್ಲಿ ಅವನ ಸಿಟ್ಟು ಒಮ್ಮೆಯೂ ಟಿವಿಗೆ ತಾಗಿರಲಿಲ್ಲ. ಮೊಬೈಲಿಗೂ ಇಲ್ಲ, ಬೈಕಿಗೂ ಇಲ್ಲ. ಅದು ಕಣ್ಣಿಗೆ ಬಿದ್ದು ಅಲ್ಲೇ ಉಳಿದಿತ್ತು, ಅದಕ್ಕೆ ಅವಳಿನ್ನೂ ಅರ್ಥ ಹಚ್ಚಿರಲಿಲ್ಲ.

ಎರಡು ವರ್ಷದ ಹಿಂದೆ ಒಮ್ಮೆ ಪಕ್ಕೆಲುಬು ಬಿರಿದಾಗ ಆಡೂರಿಗೆ ಹೋಗಿದ್ದಳು. ಅಣ್ಣ ಮೈಲಾರಲಿಂಗ ಅವಳನ್ನೂ ನಾಲ್ವರು ಹಿರಿಯರನ್ನೂ ಕರೆದುಕೊಂಡು ಮರುದಿನವೇ ಸವಣೂರಿಗೆ ಬಂದ. ಆದರೆ ಹೋಗುವ ಮೊದಲು ಅವಳು ಒಂದು ಕೆಲಸ ಮಾಡಿ ಹೋಗಿದ್ದಳು. ಮುರಿದ ಪಕ್ಕೆ ಹಿಡಿದುಕೊಂಡೇ ಗೋಡೆ ಒರೆಸಿ, ನೆಲ ಸಾರಿಸಿ, ಬಡಿದ ಪಾತ್ರೆಗಳನ್ನು ತಿಕ್ಕಿ ಕಪಾಟಿಗೆ ಜೋಡಿಸಿದ್ದಳು. ಬೇರೆಯವರಿಗೆ ಹೊಲಸು ಬಿಟ್ಟು ಹೋಗುವುದು ಹೇಗೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಿರಿಯರು ಕಂಬಳಿಯ ಮೇಲೆ ಕೂತು, ವೀರವ್ವ ಕೊಟ್ಟ ಒಗ್ಗರಣೆ ಅವಲಕ್ಕಿ ತಿಂದು, ಸುತ್ತ ಕಣ್ಣಾಡಿಸಿದರು. ಅವರಲ್ಲಿ ದೊಡ್ಡವರು ಹೇಳಿದರು, "ಮನಿ ನೋಡವಾ, ಹೆಂಗ ಥಳಥಳ ಅಂತೈತಿ. ಇಂಥಾ ಮನ್ಯಾಗ ಅಂಥಾದ್ದೇನ ಆಗಿರ್ತೈತಿ? ಹೊಂದಿಕೊಂಡು ಹೋಗ್ರಿ."

ಹೊಂದಿಕೊಂಡು ಬಂದಳು.

ಕುಲಸುಮಬಿ ಆಶಾ ಕಾರ್ಯಕರ್ತೆ. ಕಳೆದ ಮಳೆಗಾಲದಲ್ಲಿ ಊರಲ್ಲಿ ಡೆಂಗಿ ಜ್ವರ ಎದ್ದಾಗ ಮನೆಮನೆಗೆ ಹೋಗಿ ಹಂಡೆ, ಬ್ಯಾರಲ್, ಸಿಮೆಂಟ್ ಟ್ಯಾಂಕುಗಳಿಗೆಲ್ಲ ಟಾರ್ಚ್ ಬಿಟ್ಟು ಸೊಳ್ಳೆಮರಿ ಹುಡುಕುವುದು ಅವಳ ಪಾಲಿಗೆ ಬಂತು. ನಳದ ನೀರು ಎಂಟು ದಿನಕ್ಕೊಮ್ಮೆ ಬರುವ ಊರಿನಲ್ಲಿ ಯಾವ ಮನೆಯಲ್ಲೂ ನೀರು ತುಂಬಿಡದೆ ಗತಿಯಿಲ್ಲ. ರಂಜನಾಳ ಹಿತ್ತಲ ಟ್ಯಾಂಕಿನಲ್ಲಿ ಮರಿ ಸಿಕ್ಕವು. ಕುಲಸುಮಬಿ ಪ್ಲಾಸ್ಟಿಕ್ ಚೀಲದಿಂದ ಐದಾರು ಗಪ್ಪಿ ಮೀನನ್ನು ಟ್ಯಾಂಕಿಗೆ ಬಿಟ್ಟಳು. ಸೊಳ್ಳೆಮರಿ ತಿನ್ನುವ, ಉಗುರುದ್ದದ ಮೀನುಗಳು. ಬಿಡುವಾಗ ಅವಳ ಟಾರ್ಚು ಒಂದು ಗಳಿಗೆ ರಂಜನಾಳ ಕುತ್ತಿಗೆಯ ಮೇಲೆ ನಿಂತಿತು.

"ಇದಕ್ಕ ಯಾವ ಮೀನು ಬಿಡೂದವಾ?"

ರಂಜನಾ ಸೆರಗು ಎಳೆದುಕೊಂಡಳು.

ಎಂಟನೆಯ ಇಯತ್ತೆಯ ಮಗಳು ಪೂಜಾ ಟ್ಯಾಂಕಿನ ಮೇಲೆ ಬಗ್ಗಿ ಮೀನು ನೋಡುತ್ತ ಒಂದು ತಾಸು ನಿಂತಳು. ಆಗಲೇ ಓಣಿಯ ಮೂಲೆಯಲ್ಲಿ ಬೈಕಿನ ಸದ್ದಾಯಿತು. ಹುಡುಗಿ ತಿರುಗಿ ನೋಡದೆ, ಯಾರೂ ಹೇಳದೆ, ಒಳಗೆ ಹೋದಳು. ಲಟ್ಟಣಿಗೆ ಹಿಟ್ಟಿನ ಡಬ್ಬಿಗೆ ಹೋಯಿತು. ಬಿಸಿ ಪಾತ್ರೆ ಹಿಂದೆ ಸರಿಯಿತು. ಕಿಟಕಿ ಮುಚ್ಚಿತು. ಮೂರೂ ಕೆಲಸ ಮಾಡಿ ಬಂದು ಓದಲು ಕೂತಳು, ಹೋಮ್‌ವರ್ಕಿನ ಹಾಗೆ.

ತಾನು ಕಲಿಸದೆ ಇದನ್ನು ಹೇಗೆ ಕಲಿತಳು ಎಂದು ರಂಜನಾ ಆ ರಾತ್ರಿ ಕೇಳಿಕೊಳ್ಳಲಿಲ್ಲ. ಕಲಿತದ್ದು ಎಲ್ಲಿಂದ ಎಂಬುದು ಗೊತ್ತೇ ಇತ್ತು. ಮರುದಿನ ಹಿತ್ತಲ ಗೋಡೆಯ ಬಳಿ ನಿಂತು ಕೂಗಿದಳು, "ಆಪಾ, ನನ್ನ ಭರಣಿ ಕೊಡ್ರಿ."

ಗಿಡ ನೆಟ್ಟ ಭರಣಿಯಲ್ಲಿ ಮೀನು ಸಾಕುವುದನ್ನು ತಾಯಿ ಮಗಳು ಮೊಬೈಲಿನ ವಿಡಿಯೋ ನೋಡಿ ಕಲಿತರು. ಪಂಪು ಬೇಡ, ಕರೆಂಟು ಬೇಡ. ತಳಕ್ಕೆ ಜರಡಿ ಹಿಡಿದ ಮಣ್ಣು ಎರಡು ಬೆರಳು, ಅದರ ಮೇಲೆ ತೊಳೆದ ಮರಳು ಮೂರು ಬೆರಳು, ಆಮೇಲೆ ಗಿಡ, ಆಮೇಲೆ ನೀರು. ಮೀನು ಕೊನೆಗೆ, ಗಿಡ ಬೇರು ಬಿಟ್ಟ ಮೇಲೆ. ಮರಳು ತೊಳೆಯಲು ಏಳು ಬಕೆಟ್ ನೀರು ಹಿಡಿಯಿತು. ಕೊನೆಯ ನೀರು ಕುಡಿಯುವಷ್ಟು ತಿಳಿಯಾಯಿತು. ಹಳ್ಳದ ದಂಡೆಯಿಂದ ಪೂಜಾ ನೀರುಹುಲ್ಲು, ಪಟ್ಟಿಯ ಹಾಗಿನ ಎಲೆಯ ಒಂದು ಗಿಡ ಕಿತ್ತು ತಂದಳು. ರಂಜನಾಳ ಕೈಗಳು ಮಣ್ಣಿನೊಳಗೆ ಬೇರು ಇಳಿಸುವಾಗ ರೆಕಾರ್ಡ್ ಪುಸ್ತಕದ ಹುಡುಗಿಯ ಕೈಗಳಾದವು.

ಆದರೆ ಅಭ್ಯಾಸ ದೊಡ್ಡದು. ಭರಣಿಯನ್ನು ಅವಳು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು, ಅದೂ ಅರ್ಧವೇ ತುಂಬಿ, ಎತ್ತಲು ಹಗುರಾಗಲಿ ಎಂದು. ಸಂಜೆ ಬೈಕಿನ ಸದ್ದು ಕೇಳುತ್ತಲೇ ತಾಯಿ ಮಗಳು ಎರಡೂ ಕಡೆಯಿಂದ ಹಿಡಿದು ಅದನ್ನು ಮಂಚದ ಕೆಳಗೆ ಸರಿಸುತ್ತಿದ್ದರು. ಬೆಳಿಗ್ಗೆ ಅವನು ಹೋದ ಮೇಲೆ ಮತ್ತೆ ಕಟ್ಟೆಗೆ. ಎತ್ತಿದಾಗಲೆಲ್ಲ ಮಣ್ಣು ಮರಳನ್ನು ದಾಟಿ ಮೇಲೆದ್ದಿತು. ವಾರಕ್ಕೆ ನೀರು ಚಹಾದ ಬಣ್ಣಕ್ಕೆ ಬಂತು. ಗಿಡಗಳು ಕಿತ್ತು ತೇಲಿದವು. ಬೇರು ಹಿಡಿಯುವ ತನಕ ಕಾಯದೆ ಬಿಟ್ಟ ಎರಡು ಗಪ್ಪಿ ಮೂರನೆಯ ದಿನ ಹೊಟ್ಟೆ ಮೇಲಾಗಿ ಬಿದ್ದವು. ಮಂಚದ ಕೆಳಗಿನಿಂದ ನಾತ ಎದ್ದ ಸಂಜೆ ಶಂಭುಲಿಂಗ ಬಗ್ಗಿ ನೋಡಿದ, ಹೆಂಡತಿಯ ಜಡೆ ಹಿಡಿದು ಅವಳನ್ನೂ ಬಗ್ಗಿಸಿದ, ಮೂಗು ಭರಣಿಯ ಬಾಯಿಗೆ ತಾಗುವ ತನಕ.

"ವಾಸನಿ ತಗೋ. ಚಂದ ಐತಿ?"

ಮರುದಿನ ಕುಲಸುಮಬಿ ಗೋಡೆಯ ಮೇಲಿಂದ ಸತ್ತ ನೀರು ನೋಡಿ ಕೇಳಿದಳು, "ಇದನ್ನ ದಿನಾ ಎತ್ತಾಡ್ತೀಯೇನು?"

"ಎತ್ತಿಡಬೇಕಲ್ರಿ ಆಪಾ."

"ಎತ್ತಾಡಿದ್ರ ಬೇರು ಹೆಂಗ ಹಿಡೀಬೇಕವಾ? ಇಟ್ಟ ಜಾಗಾದಾಗ ಇರಬೇಕು ಅದು. ಇಲ್ಲಂದ್ರ ಭರಣಿ ತಿರುಗಿ ಕೊಡು, ನಾ ಉಪ್ಪಿನಕಾಯಿ ಹಾಕ್ತೇನಿ. ಹನ್ನೆರಡು ವರ್ಷ ಹಾಕೇನಿ, ಒಂದ ದಿನ ಕೆಟ್ಟಿಲ್ಲ."

ರಂಜನಾ ಭರಣಿ ತೊಳೆದು ಮತ್ತೆ ಮೊದಲಿನಿಂದ ಕೂತಳು. ಈ ಸಲ ಜಾಗ ಮೊದಲು ಗೊತ್ತು ಮಾಡಿದಳು. ಪಡಸಾಲೆಯ ನಡುವೆ ನಿಂತು ಮನೆಯನ್ನು ಸುತ್ತ ನೋಡಿದಳು. ಇಲ್ಲಿ ತಗಡು, ಅಲ್ಲಿ ಸುಣ್ಣ ಹಚ್ಚಿದ ಕಲೆ, ಅಲ್ಲಿ ನೆಗ್ಗಿದ ಬಾಗಿಲು. ಇಡೀ ಮನೆಯಲ್ಲಿ ಹೊಡೆತ ಬೀಳದ ಒಂದೇ ಜಾಗ ಟಿವಿ ಇಟ್ಟ ಮೇಜು. ಟಿವಿಗೆ ಒಂದು ಗೇಣು ಬಿಟ್ಟು ಭರಣಿ ಇಟ್ಟಳು. ಬಡಗಣ ಕಿಟಕಿಯ ಬೆಳಕು ಬೀಳುತ್ತಿತ್ತು, ಬಿಸಿಲಲ್ಲ. ಕೆಂಪು ಮಸಾರಿ ಮಣ್ಣು, ಹೊಸ ಗಿಡ, ಮರಳು, ಅದರ ಮೇಲೊಂದು ಬಸಿಯಿಟ್ಟು ನೀರು ಬಸಿಯ ಮೇಲೆ ಮೆಲ್ಲಗೆ ಸುರಿದಳು, ಮಣ್ಣು ಏಳದ ಹಾಗೆ. ಆ ಬಸಿ ಕುಲಸುಮಬಿಯದು. ಕಂಠದ ತನಕ ತುಂಬಿದಳು. ಈಗ ಅದು ಹದಿನೈದು ಕಿಲೋ ಮೇಲಾಯಿತು.

"ಅವ್ವ, ಈಗ ಎತ್ತಾಕ ಬರೂದಿಲ್ಲ," ಎಂದಳು ಪೂಜಾ.

"ಎತ್ತೂದಿಲ್ಲ."

ಸಂಜೆ ಬೈಕು ಮೂಲೆ ತಿರುಗಿದಾಗ ಹುಡುಗಿಯ ಕೈಗಳು ತಾವಾಗಿಯೇ ಭರಣಿಯ ಕಡೆ ಹೋದವು. ರಂಜನಾ ಆ ಕೈಗಳನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಇದು ಈ ಮನೆಯಲ್ಲಿ ಇಟ್ಟಲ್ಲೇ ಉಳಿದರೆ ನಾನೂ ಉಳಿಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಅವಳು ಮನಸ್ಸಿನಲ್ಲಿ ಒಂದು ಗೆರೆ ಎಳೆದಿದ್ದಳು. ಶಂಭುಲಿಂಗ ಬಂದ, ಭರಣಿ ನೋಡಿದ, ರಿಮೋಟ್ ತೆಗೆದುಕೊಂಡ.

"ಟಿವಿಗೆ ನೀರು ಸಿಡೀಬಾರದು," ಎಂದ. ಅಷ್ಟೇ.

ಹಾಗಂತ ಅವಳ ಮೈಗೆ ಬೀಳುವುದು ನಿಲ್ಲಲಿಲ್ಲ. ನಳದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಒಂದು ದಿನ ತೆರೆದಿಡದೆ ಭರಣಿಗೆ ಹಾಕಿದರೆ ಗಿಡಕ್ಕೂ ಮುಂದೆ ಬಿಡುವ ಮೀನಿಗೂ ಒಳ್ಳೆಯದಲ್ಲ. ಅದಕ್ಕೆಂದು ಬಚ್ಚಲಲ್ಲಿ ಒಂದು ಬಕೆಟ್ ಇಟ್ಟಿದ್ದಳು. ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋಗಿ ಆ ಬಕೆಟ್ಟನ್ನೇ ಮೈಮೇಲೆ ಸುರಿದುಕೊಂಡ. ತಣ್ಣೀರು. ಪಂಚೆಯಲ್ಲೇ ಹೊರಗೆ ಬಂದು ಅವಳ ಕುತ್ತಿಗೆ ಹಿಡಿದು ಹಿತ್ತಲಿಗೆ ನಡೆಸಿ ಟ್ಯಾಂಕಿನೊಳಗೆ ತಲೆ ಅದ್ದಿದ.

"ನೀರಾಗ ಭಾಳ ನೋಡ್ತೀಯಲ್ಲಾ. ನೋಡು."

ಟ್ಯಾಂಕಿನ ಅಂಚು ಎದೆಗೆ ಒತ್ತಿತು. ಅವಳು ಕಣ್ಣು ತೆರೆದಳು. ಹಸಿರು ಕತ್ತಲಲ್ಲಿ ಗಪ್ಪಿಗಳು ದೂರ ಸರಿದು ಮೂಲೆಗೆ ಗುಂಪಾಗಿದ್ದವು. ಅವನ ಕೈ ಎತ್ತಿತು, ಮತ್ತೆ ಅದ್ದಿತು. ಮೂರು ಸಲ. ಮೂರನೆಯದಕ್ಕೆ ಅವಳ ಬಾಯಿಗೆ ನೀರು ಹೋಗಿ ಎದೆಯೊಳಗೆ ಬೆಂಕಿ ಹತ್ತಿದ ಹಾಗಾಯಿತು. ಬಿಟ್ಟಾಗ ಅವಳು ನೆಲಕ್ಕೆ ಕೂತು ಕೆಮ್ಮಿದಳು. ಗೋಡೆಯ ಆಚೆ ಕುಲಸುಮಬಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ರಂಜನಾ ಎದ್ದು ನೀರು ಕಾಯಿಸಿದಳು. ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ತಿಂದು ಅಂಗಡಿಗೆ ಹೋದ. ಪಡಸಾಲೆಯಲ್ಲಿ ಭರಣಿ ಇಟ್ಟಲ್ಲೇ ಇತ್ತು.

ಒಂದು ತಿಂಗಳು ಮೀನು ಬಿಡಲಿಲ್ಲ. ಗಿಡಗಳು ಮೊದಲು ಹಳದಿಯಾದವು. ಒಂದು ಹಿಡಿ ತಿಪ್ಪೆಗೊಬ್ಬರ ಹಾಕಲು ಅವಳ ಕೈ ತುಡಿಯಿತು, ತಡೆದುಕೊಂಡಳು. ಆಮೇಲೆ ಹಸಿರು ಹೊಸ ಎಲೆ ಬಂದವು. ಗಾಜಿನ ಬದಿಯಲ್ಲಿ ಬಿಳಿ ಬೇರುಗಳು ಮಣ್ಣಿನೊಳಗೆ ಇಳಿದದ್ದು ಕಂಡಿತು. ಆಗ ಟ್ಯಾಂಕಿನಿಂದ ಮೂರು ಗಪ್ಪಿ ತಂದು ಬಿಟ್ಟಳು.

ಎಲ್ಲರಿಗಿಂತ ಹೆಚ್ಚು ಅದರ ಮುಂದೆ ಕೂತವಳು ವೀರವ್ವ. ಧಾರಾವಾಹಿ ಬಿಟ್ಟು ಭರಣಿ ನೋಡತೊಡಗಿದಳು. ಯಾರೂ ಇಲ್ಲದಾಗ ರೊಟ್ಟಿಯ ಚೂರು ಹಾಕಿ ನೀರು ಮಬ್ಬಾಗಿಸಿದಳು. ಪೂಜಾ ಬಯ್ದಳು, "ಆಯಿ, ಅವಕ್ಕ ಚಿಟಿಕಿ ಅಷ್ಟ ಸಾಕು. ನಿಮ್ಮಂಗ ನಾಕ ರೊಟ್ಟಿ ತಿನ್ನೂದಿಲ್ಲ ಅವು."

"ನಾ ಎರಡ ತಿಂತೇನಿ, ಸುಳ್ಳ ಹೇಳಬ್ಯಾಡ."

ಒಂದು ಮಧ್ಯಾಹ್ನ ಮುದುಕಿ ಸೊಟ್ಟ ಬೆರಳನ್ನು ಗಾಜಿಗೆ ಹಚ್ಚಿ ಕೂತಿದ್ದಳು. ಒಂದು ಮೀನು ಒಳಗಿನಿಂದ ಬಂದು ಆ ಬೆರಳಿನ ಮುಂದೆ ನಿಂತಿತ್ತು. ರಂಜನಾ ಅಕ್ಕಿ ಆರಿಸುತ್ತ ಕೂತಿದ್ದಳು.

"ಇವು ನಮ್ಮ ಸದ್ದಿಗೆ ಅಂಜೂದಿಲ್ಲ ನೋಡು," ಎಂದಳು ವೀರವ್ವ ಅವಳ ಕಡೆ ತಿರುಗದೆ. "ನೀ ಬಂದ್ರ ಮ್ಯಾಲ ಬರ್ತಾವ. ಅಂವಾ ಬಂದ್ರ ತಳಕ್ಕ ಹೋಗ್ತಾವ."

ರಂಜನಾ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಬದಿಗೆ ಹಾಕಿದಳು.

ಬಂದವರು ಭರಣಿ ನೋಡಿ ಹೊಗಳತೊಡಗಿದರು. ಆಗ ಶಂಭುಲಿಂಗನ ಬಾಯಲ್ಲಿ ಅದು ನಮ್ಮದಾಯಿತು, ಆಮೇಲೆ ನನ್ನದಾಯಿತು. ಅಂಗಡಿಯಲ್ಲಿ ಗಿರಾಕಿಗಳಿಗೆ ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದನೆಂಬುದು ರಂಜನಾಳಿಗೆ ತಿಳಿದದ್ದು ಒಂದು ಭಾನುವಾರ, ಅವನ ಗೆಳೆಯ ಚನ್ನೇಶ ಊಟಕ್ಕೆ ಬಂದಾಗ. ಚನ್ನೇಶ ಹಿರೇಕೆರೂರಿನವನು, ಮೋಟರಿನ ಸಾಮಾನು ಮಾರುವವನು, ನಗೆಗಾರ. ಕೈ ತೊಳೆದವನೇ ಭರಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಫೋಟೋಕ್ಕಿಂತ ಚಂದ ಐತಲ್ಲೋ ಶಂಭು. ವೈನಿ, ಇಂವಾ ಕೆರಿ ಕೆಸರು ಹೊತ್ತ ತಂದು ತಾನ ಕೂಡಿಸಿದ್ನಂತ, ಖರೇನ?"

ರಂಜನಾ ಬಿಸಿ ರೊಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೆಸರು ಎಂಬ ಮಾತು ಕೇಳಿ ಉಳಿದದ್ದು ಅವಳಿಗೆ ಮರೆತೇಹೋಯಿತು.

"ಕೆಸರಲ್ರಿ. ಕೆಸರು ಹಾಕಿದ್ರ ನೀರು ನಾತ ಹೊಡೀತೈತಿ. ಅದು ಮಸಾರಿ ಮಣ್ಣು, ನಾಕ ಸಲ ನೆನಸಿ ಬಸದದ್ದು. ಮ್ಯಾಲ ಮರಳು ಮುಚ್ಚಬೇಕು, ಮಣ್ಣು ಏಳಬಾರದಂತ. ಮೊದಲ ತಿಂಗಳು ಮೀನ ಬಿಡಬಾರದ್ರಿ..." ಅವಳು ಹೇಳುತ್ತ ಹೋದಳು. ಬೇರು ತೋರಿಸಿದಳು, ಹೊಸದಾಗಿ ಹುಟ್ಟಿದ ಮೂರು ಮರಿ ತೋರಿಸಿದಳು. ನಕ್ಕಳು ಸಹ. ರೊಟ್ಟಿ ಕೈಯಲ್ಲೇ ಆರಿತು.

ಚನ್ನೇಶ ಗೆಳೆಯನ ಬೆನ್ನು ತಟ್ಟಿದ. "ಅಲ್ಲಲೇ, ಹಂಗಾರ ಅಂಗಡ್ಯಾಗ ಮೋಟರ್ ಸುತ್ತೂದೂ ವೈನಿನ ಏನಪಾ?"

ಶಂಭುಲಿಂಗ ನಕ್ಕ. ಆ ನಗೆ ರಂಜನಾಳಿಗೆ ಗೊತ್ತಿತ್ತು. ಅದರಲ್ಲಿ ತುಟಿ ಮಾತ್ರ ಅಲುಗುತ್ತಿತ್ತು. ಅವಳು ಒಳಗೆ ಹೋಗಿ ಲಟ್ಟಣಿಗೆಯನ್ನು ಹಿಟ್ಟಿನ ಡಬ್ಬಿಗೆ ಹಾಕಿದಳು.

ಊಟವಾಯಿತು, ಎಲೆಯಡಿಕೆಯಾಯಿತು. ಚನ್ನೇಶನ ಗಾಡಿಯ ಸದ್ದು ಓಣಿ ದಾಟುವ ತನಕ ಶಂಭುಲಿಂಗ ಹೊಸ್ತಿಲಲ್ಲಿ ನಿಂತು ಕೈ ಬೀಸಿದ. ಒಳಗೆ ಬಂದು ಕಿಟಕಿಯನ್ನು ತಾನೇ ಮುಚ್ಚಿದ. ಆಮೇಲೆ ಟಿವಿಯ ಪ್ಲಗ್ ಕಿತ್ತ. ವೈರನ್ನು ಮೊಣಕೈಗೆ ಸುತ್ತಿ, ಸುರುಳಿ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿದ, ಅಂಗಡಿಯಲ್ಲಿ ಮಾಡುವ ಹಾಗೆ. ಟಿವಿಯನ್ನು ಎರಡೂ ಕೈಯಲ್ಲಿ ಎತ್ತಿ ಮಂಚದ ಮೇಲೆ, ಗೋಡೆಗೆ ಮುಖ ಮಾಡಿ, ದಿಂಬಿಗೆ ಒರಗಿಸಿ ಇಟ್ಟ. ಅಲುಗುವುದಿಲ್ಲವಲ್ಲ ಎಂದು ಒಮ್ಮೆ ಮುಟ್ಟಿ ನೋಡಿದ. ಇಷ್ಟಾಗಲು ಎರಡು ನಿಮಿಷ ಹಿಡಿಯಿತು. ರಂಜನಾ ಅಡುಗೆಮನೆಯ ಬಾಗಿಲಲ್ಲಿ, ಪೂಜಾ ಅವಳ ಹಿಂದೆ, ವೀರವ್ವ ತನ್ನ ಚಾಪೆಯ ಮೇಲೆ. ಮೂವರೂ ನೋಡುತ್ತಿದ್ದರು.

ಅವನು ಸಾಮಾನಿನ ಚೀಲದಿಂದ ದೊಡ್ಡ ಪಾನಾ ತೆಗೆದ. ಬೋರಿನ ಪೈಪು ಬಿಚ್ಚುವ, ಮೊಳದುದ್ದದ ಕಬ್ಬಿಣ.

ಮೊದಲ ಏಟಿಗೆ ಭರಣಿಯಲ್ಲಿ ಬಿಳಿ ಗೆರೆ ಮೂಡಿತು. ಎರಡನೆಯದಕ್ಕೆ ನೀರು ಒಂದೇ ಸಲ ನೆಲಕ್ಕೆ ಬಿತ್ತು, ಮಣ್ಣು, ಮರಳು, ಗಾಜು, ಬೇರು ಸಮೇತ. ಮೂರನೆಯದು, ನಾಲ್ಕನೆಯದು ಬರೀ ಮೇಜಿನ ಮೇಲೆ ಬಿದ್ದವು. ಪೂಜಾ ಚೊಂಬಿನಲ್ಲಿ ನೀರು ತುಂಬಿಕೊಂಡು ಗಾಜಿನ ಚೂರುಗಳ ನಡುವೆ ಮೊಣಕಾಲೂರಿ ಮಿಡುಕುವ ಮೀನುಗಳನ್ನು ಹೆಕ್ಕತೊಡಗಿದಳು. ಅವಳ ಬೆರಳುಗಳಿಂದ ರಕ್ತ ಬರುತ್ತಿತ್ತು.

ಶಂಭುಲಿಂಗ ಮಂಚದ ತುದಿಗೆ ಕೂತ, ಮೊಬೈಲ್ ತೆಗೆದ.

"ಕಸ ಬಳಿ," ಎಂದ.

ಹದಿನಾಲ್ಕು ವರ್ಷ ಆ ಮಾತು ಮುಗಿಯುವ ಮೊದಲೇ ಅವಳ ಕೈ ನೆಲಕ್ಕೆ ಹೋಗುತ್ತಿತ್ತು. ಈಗ ಹೋಗಲಿಲ್ಲ. ಅವಳು ಮಂಚದ ಮೇಲೆ ದಿಂಬಿಗೆ ಒರಗಿದ ಟಿವಿ ನೋಡುತ್ತಿದ್ದಳು.

"ಟಿವಿ ಯಾಕ ಸರಿಸಿದ್ರಿ?"

"ಏನಂದಿ?"

"ಸಿಟ್ಟಿಗೆ ಕಣ್ಣಿಲ್ಲ ಅಂತಿದ್ರಿ ಎಲ್ಲಾರೂ. ಟಿವಿ ಯಾಕ ಸರಿಸಿದ್ರಿ?"

ಅವನು ಎದ್ದ. ಪಾನಾ ಅವಳು ಅಡ್ಡ ಹಿಡಿದ ಎಡಗೈಗೆ ಬಿತ್ತು. ಮುರಿದ ಸದ್ದು ಅವಳಿಗೇ ಕೇಳಿಸಿತು, ಕಟ್ಟಿಗೆ ಮುರಿದ ಹಾಗೆ. ಎರಡನೆಯದು ಭುಜಕ್ಕೆ. ಅವಳು ಬೀಳಲಿಲ್ಲ. ಬಲಗೈಯಿಂದ ಮಗಳ ರಟ್ಟೆ ಹಿಡಿದು ಎಬ್ಬಿಸಿ, ಚೊಂಬಿನ ಸಮೇತ ಹೊಸ್ತಿಲು ದಾಟಿದಳು.

ಕುಲಸುಮಬಿ ಆಗಲೇ ತನ್ನ ಬಾಗಿಲಲ್ಲಿ ನಿಂತಿದ್ದಳು. ಕೈ ನೋಡಿದಳು, ತನ್ನ ಓಢಣಿಯಿಂದ ಕುತ್ತಿಗೆಗೆ ಜೋಲಿ ಕಟ್ಟಿದಳು, ಆಮೇಲೆ ಪೊಲೀಸರ ೧೧೨ ಒತ್ತಿದಳು. ಓಣಿಯ ಹೆಸರು, ಮನೆಯ ಗುರುತು, ಗಂಡನ ಹೆಸರು, ಎಲ್ಲ ಸರ್ವೆಯ ಹಾಳೆ ಓದುವವಳ ಹಾಗೆ ಹೇಳಿದಳು. "ಬರ್ತಾರ. ಕುಂದ್ರು," ಎಂದಳು.

"ಮನಿ ಬಳದಿಲ್ಲ ಆಪಾ," ಎಂದಳು ರಂಜನಾ.

"ಬಳೀಬ್ಯಾಡ."

ಎರಡೂ ಮನೆಗೆ ನಡುವಿನ ಗೋಡೆ ಒಂದೇ. ಈಚೆ ಕೂತವರಿಗೆ ಆಚೆಯದು ಕೇಳುತ್ತಿತ್ತು.

"ಅವ್ವಾ, ಕಸಬರಿಗಿ ತಗೋ. ಆಕಿ ಯಾರನ್ನರ ಕರಕೊಂಡ ಬರ್ತಾಳ. ಲಗೂನ ಬಳದ ಹಾಕು."

ಗಾಜಿನ ಚೂರುಗಳ ಮೇಲೆ ಅವನ ಹೆಜ್ಜೆ ಸರಿದ ಸದ್ದಾಯಿತು.

"ಅವ್ವಾ, ನಿನಗ ಹೇಳಾಕತ್ತೇನಿ."

"ನನಗ ಬಗ್ಗಾಕ ಆಗೂದಿಲ್ಲಪಾ," ಎಂದಿತು ವೀರವ್ವನ ದನಿ.

"ನಿನ್ನೆ ಬಗ್ಗಿ ಅಂಗಳ ಬಳದೀಯಲ್ಲ?"

"ಇವತ್ತ ಆಗೂದಿಲ್ಲ."

ಆಮೇಲೆ ಕಸಬರಿಗೆಯ ಸದ್ದು ಕೇಳಿಸಿತು. ಜೋರಾಗಿ, ಅಡ್ಡಾದಿಡ್ಡಿ. ಅದು ಬಳಿಯುವ ಕೈಯಲ್ಲ ಎಂದು ಈಚೆಯ ಮೂವರಿಗೂ ಗೊತ್ತಾಯಿತು. ಬಕೆಟ್ ಉರುಳಿತು. ಅವನು ಏನೋ ಬಯ್ದ. ಮತ್ತೆ ಗಾಜಿನ ಮೇಲೆ ಕಡ್ಡಿಗಳು ಕೆರೆದವು.

ಜೀಪು ಬಂದಾಗ ಇನ್ನೂ ಬಿಸಿಲಿತ್ತು. ಹೆಣ್ಣು ಕಾನ್‌ಸ್ಟೇಬಲ್ ಒಬ್ಬಳು, ಅವಳ ಜೊತೆ ಇನ್ನೊಬ್ಬ ಪೊಲೀಸ. ಹೆಣ್ಣುಮಗಳ ಎದೆಯ ಮೇಲಿನ ಪಟ್ಟಿಯಲ್ಲಿ ವಿದ್ಯಾಶ್ರೀ ಎಂದಿತ್ತು. ಅವಳು ರಂಜನಾಳ ಕೈ ನೋಡಿ, "ಮೊದಲ ದವಾಖಾನಿಗೆ ಹೋಗೂಣ ಬರ್ರಿ," ಎಂದಳು.

"ಮೊದಲ ಮನಿ ನೋಡ್ರಿ," ಎಂದಳು ರಂಜನಾ.

ಬಾಗಿಲು ತೆರೆದೇ ಇತ್ತು. ಪಡಸಾಲೆಯ ನಡುವೆ ಶಂಭುಲಿಂಗ ಕಸಬರಿಗೆಯನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದ. ಒದ್ದೆ ಮಣ್ಣನ್ನು ಒಣ ಕಸಬರಿಗೆಯಿಂದ ಬಳಿಯಲು ಹೋಗಿ ನೆಲದ ತುಂಬ ಸವರಿದ್ದ. ಗೋಡೆಯ ಬುಡಕ್ಕೆ, ಮಂಚದ ಕಾಲಿಗೆ, ಹೊಸ್ತಿಲಿಗೆ ಮಣ್ಣು. ಗಾಜು ಎಲ್ಲ ಕಡೆ ಹೊಳೆಯುತ್ತಿತ್ತು. ಅವನ ಹಿಮ್ಮಡಿಯಿಂದ ರಕ್ತ ಸುರಿದು ಅವನು ಓಡಾಡಿದ ದಾರಿಯೆಲ್ಲ ಗುರುತಾಗಿತ್ತು. ಪಾನಾ ಮೇಜಿನ ಮೇಲೇ ಇತ್ತು.

"ಕೈ ತಪ್ಪಿ ಬಿತ್ರಿ ಮೇಡಂ," ಎಂದ ಅವನು ಮೆಲ್ಲಗೆ, ಗಿರಾಕಿಗಳ ಜೊತೆ ಮಾತಾಡುವ ದನಿಯಲ್ಲಿ. "ಹಿಡ್ಯಾಕ ಹೋಗಿ ಆಕಿ ಜಾರಿ ಬಿದ್ಲು. ಮನಿ ಅಂದ್ಮ್ಯಾಲ ಇರ್ತಾವಲ್ರಿ."

ವಿದ್ಯಾಶ್ರೀ ಚಾಪೆಯ ಕಡೆ ತಿರುಗಿದಳು. "ಅಜ್ಜಿ, ನೀವು ಇಲ್ಲೇ ಇದ್ರೇನ್ರಿ?"

ವೀರವ್ವ ಮಗನನ್ನು ನೋಡಲಿಲ್ಲ. ಸೊಟ್ಟ ಬೆರಳಿನ ಕೈಯನ್ನು ಎತ್ತಿ ಮಂಚದ ಕಡೆ ತೋರಿಸಿದಳು. ಅಲ್ಲಿ ಟಿವಿ ಗೋಡೆಗೆ ಮುಖ ಮಾಡಿ, ದಿಂಬಿಗೆ ಒರಗಿ, ವೈರನ್ನು ಅಚ್ಚುಕಟ್ಟಾಗಿ ಸುತ್ತಿಕೊಂಡು ಕೂತಿತ್ತು. ಅದರ ಮೇಲೆ ಒಂದು ಹನಿ ನೀರೂ ಸಿಡಿದಿರಲಿಲ್ಲ.

"ಮೊದಲ ಅದನ್ನ ಎತ್ತಿಟ್ಟ," ಎಂದಳು. "ಎತ್ತಿಟ್ಟು, ಆಮ್ಯಾಲ ಹೊಡದ. ನಾ ನೋಡೇನಿ. ಬರಕೋವಾ."

ವಿದ್ಯಾಶ್ರೀ ಬರೆದುಕೊಂಡಳು. ಇನ್ನೊಬ್ಬ ಪೊಲೀಸ ಮೊಬೈಲಿನಲ್ಲಿ ನೆಲದ ಫೋಟೋ ತೆಗೆದ, ಪಾನಾದ್ದು ತೆಗೆದ, ಟಿವಿಯದು ತೆಗೆದ.

"ಏನರ ತಗೊಳ್ಳೂದು ಇದ್ರ ತಗೊಳ್ರಿ," ಎಂದು ವಿದ್ಯಾಶ್ರೀ ಅಂದಾಗ ರಂಜನಾ ಚಪ್ಪಲಿ ಕಳಚದೆ ಒಳಗೆ ಬಂದಳು. ಈ ಮನೆಯೊಳಗೆ ಅವಳು ಚಪ್ಪಲಿಯಲ್ಲಿ ನಡೆದದ್ದು ಅದೇ ಮೊದಲು. ಗಾಜು ಕಾಲ ಕೆಳಗೆ ಪುಡಿಯಾಗುತ್ತಿತ್ತು. ಮಗಳ ಶಾಲೆಯ ಚೀಲವನ್ನು ಬಲ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಬಗ್ಗಿ, ಮಣ್ಣಿನಲ್ಲಿ ಬಿದ್ದಿದ್ದ ಪಟ್ಟಿಯೆಲೆಯ ಗಿಡವನ್ನು ಬುಡ ಹಿಡಿದು ಎತ್ತಿದಳು. ಬೇರು ಒಂದು ಗೇಣು ಉದ್ದವಾಗಿತ್ತು.

ಹೊರಗೆ ಪೂಜಾ ಚೊಂಬು ಹಿಡಿದು ನಿಂತಿದ್ದಳು. ರಂಜನಾ ಗಿಡವನ್ನು ಅದರೊಳಗೆ ಇಳಿಬಿಟ್ಟಳು. ಒಳಗಿದ್ದ ನಾಲ್ಕು ಮೀನು ಒಮ್ಮೆ ಚದರಿ, ಆಮೇಲೆ ಬಂದು ಬೇರಿನ ನಡುವೆ ಸೇರಿಕೊಂಡವು.